ಹೂವಪ್ಪ ಆಣೆ ಹಾಕಿಸಿ ಡಿಲೀಟ್ ಮಾಡಿಸಿದ ಸಿನಿಮಾ

ಬಸರೀಕಟ್ಟೆಯ ಜೀಪ್ ಸ್ಟ್ಯಾಂಡಿನಲ್ಲಿ ಹೂವಪ್ಪನಷ್ಟು ಹಟಮಾರಿ ಇನ್ನೊಬ್ಬನಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಸ್ಟ್ಯಾಂಡಿನ ಎದುರಿಗೇ ನನ್ನ ಹೋಟೆಲು. ಬೆಳಿಗ್ಗೆ ಇಡ್ಲಿ, ಬನ್ಸು, ಮಧ್ಯಾಹ್ನ ಊಟ, ಇಡೀ ದಿನ ಚಹಾ. ಬಾಳೆಹೊನ್ನೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ದಿನಾ ಆ ಮನುಷ್ಯನ ಮುಖ ನೋಡಿಯೇ ಹಾಲು ಒಲೆಗಿಡುತ್ತಿದ್ದೇನೆ. ಎಷ್ಟೋ ಸಲ ಹಾಲು ಒಡೆದಿದೆ.

ಅವನ ತಲೆಗೆ ಒಂದು ವಿಚಾರ ಹೊಕ್ಕರೆ ಅದನ್ನು ತಾನೊಬ್ಬನೇ ಇಟ್ಟುಕೊಳ್ಳುವ ಪೈಕಿ ಅಲ್ಲ. ಹಿಂದೊಮ್ಮೆ ಎಲೆಯಡಿಕೆ ಬಿಟ್ಟ. ಬಿಟ್ಟವನು ಸುಮ್ಮನಿರಬೇಕಲ್ಲವೇ? ಸ್ಟ್ಯಾಂಡಿನ ಡ್ರೈವರುಗಳ ಬಾಯಿ ತೆರೆಸಿ ಹಲ್ಲು ಪರೀಕ್ಷೆ ಮಾಡತೊಡಗಿದ. ಊರಿಗೆ ಊರೇ ಅಡಿಕೆ ಬೆಳೆದು ಬದುಕುವ ಕಡೆ ಅಡಿಕೆಯ ವಿರುದ್ಧ ಭಾಷಣ ಬಿಗಿದ. ಮಂಡಿಗೆ ಬಾಡಿಗೆ ಹೋದರೆ ಅಡಿಕೆ ಮೂಟೆಯ ಜೊತೆಗೆ ಭಾಷಣವನ್ನೂ ಅಲ್ಲಿ ಇಳಿಸಿ ಬರುತ್ತಿದ್ದ. ಇಂಥವನ ಕೈಗೆ ಸಿನಿಮಾದವರು ಒಂದು ಕಪ್ಪು ಟೀ ಶರ್ಟು ಕೊಟ್ಟರು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಸಿನಿಮಾಕ್ಕೂ ಅವನಿಗೂ ನಂಟು ಹಳೆಯದು. ತನ್ನ ಮದುವೆಗೆ ಮೊದಲು, ಭಾನುವಾರ ಬಂತೆಂದರೆ ಕೊಪ್ಪದಿಂದ ಬಾಡಿಗೆಯ ಕಲರ್ ಟಿವಿ, ಕ್ಯಾಸೆಟ್ ಹಾಕುವ ವಿಸಿಪಿ ಎರಡನ್ನೂ ಜೀಪಿಗೆ ಹೇರಿಕೊಂಡು ಎಸ್ಟೇಟಿನ ಕೂಲಿ ಲೈನುಗಳಿಗೆ ಹೋಗುತ್ತಿದ್ದ. ಜನ ಕಂಬಳಿ ಹೊದ್ದು ಅಂಗಳದಲ್ಲಿ ಕೂತು ಒಂದರ ಮೇಲೊಂದು ಸಿನಿಮಾ ನೋಡುತ್ತಿದ್ದರು. ಕ್ಯಾಸೆಟ್ಟುಗಳೆಲ್ಲ ಎಲ್ಲಿಂದಲೋ ನಕಲಾಗಿ ಬಂದವು. ಚಿತ್ರ ನಡುಗುತ್ತಿತ್ತು, ನಾಯಕಿಯ ಮುಖ ಹಸಿರಾಗುತ್ತಿತ್ತು. ಆಗ ಅದನ್ನು ಯಾರೂ ಪೈರಸಿ ಅನ್ನುತ್ತಿರಲಿಲ್ಲ, ಸಿನಿಮಾ ಎಂದೇ ಅನ್ನುತ್ತಿದ್ದರು. ಆಮೇಲೆ ಲೈನಿನ ಮಾಡುಗಳ ಮೇಲೆ ಡಿಶ್ ಹತ್ತಿತು, ಅದರ ಹಿಂದೆ ಮೆಮೊರಿ ಕಾರ್ಡು ಬಂತು, ನಾವು ಹುಡುಗಿಯರಾಗಿದ್ದಾಗ ನೋಡಿದ ಟಾಕೀಸುಗಳು ಒಂದೊಂದಾಗಿ ಗೋಡೌನಾದವು. ಹೂವಪ್ಪನ ಜೀಪು ಸಿನಿಮಾ ಬಿಟ್ಟು ಗೊಬ್ಬರದ ಮೂಟೆ ಹೊರತೊಡಗಿತು.

ಹಾಗಿರುವಾಗ ಶೂಟಿಂಗಿನವರು ಬಂದರು. ಈಗೀಗ ನಮ್ಮ ಕಡೆ ಇವರ ಕಾಟ ಮಂಗಗಳ ಕಾಟಕ್ಕಿಂತ ಹೆಚ್ಚು. ಮಲೆನಾಡಿಗೆ ಬರುವ ಎಲ್ಲ ಸಿನಿಮಾದವರ ಹತ್ತಿರವೂ ಇರುವುದು ಒಂದೇ ಕಥೆ: ಹೀರೋ ಅಮೆರಿಕದಿಂದ ಹಳೇ ಮನೆಗೆ ಬರುತ್ತಾನೆ, ತಾಯಿ ಸತ್ತಿರುತ್ತಾಳೆ, ಮಳೆ ಬರುತ್ತದೆ, ಅವನು ಅಳುತ್ತಾನೆ. ಅಮೆರಿಕದಿಂದ ಬರುವವನಿಗೆ ಒಂದು ಕೊಡೆ ತರಲು ಏನು ಧಾಡಿ ಎಂದು ನಾನು ಅವರ ಮ್ಯಾನೇಜರನ್ನೇ ಕೇಳಿದ್ದೆ. ಅವನು ಚಹಾ ಕುಡಿದು ಹೋದ. ಈ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ; ಹೇಳಿದರೆ ನೀವು ಫೋನಿನಲ್ಲಿ ಹುಡುಕುತ್ತಾ ಕೂರುತ್ತೀರಿ.

ಅವರಿಗೆ ಮನೆ ಗೊತ್ತುಮಾಡಿಕೊಟ್ಟವನು ಹೂವಪ್ಪ. ಅವನ ಮನೆಗೆ ತಾಗಿಕೊಂಡೇ ಅವನ ದೊಡ್ಡಪ್ಪನ ಮಕ್ಕಳ ಹಳೇ ಮನೆಯಿದೆ. ಎರಡಕ್ಕೂ ನಡುವೆ ಒಂದೇ ಕಣ. ಜನವರಿ ತಿಂಗಳಾದ್ದರಿಂದ ಕಣದ ತುಂಬ ಹೂವಪ್ಪನ ಮನೆಯ ಕಾಫಿ ಒಣಗಲು ಬಿದ್ದಿತ್ತು. ಅದನ್ನು ಕಾಯುವ ಕೆಲಸ ಅವನ ತಾಯಿ ತುಂಗಮ್ಮನದು.

ತುಂಗಮ್ಮನನ್ನು ನಾವೆಲ್ಲ ತುಂಗಜ್ಜಿ ಎನ್ನುತ್ತೇವೆ. ಆಳು ಇಷ್ಟೇ ಇಷ್ಟು, ಆದರೆ ಬಾಯಿ ಎಂಥದು! ಕಾಗೆ, ನಾಯಿ, ಸೊಸೆ, ಮಗ, ಪಂಚಾಯಿತಿ ಮೆಂಬರು, ಯಾರನ್ನೂ ಬಿಡದೆ ಬೆಳಗಿನಿಂದ ಬೈಯುತ್ತಿರುತ್ತಾಳೆ. ಆದರೆ ಆ ಮನೆಯಲ್ಲಿ ಒಬ್ಬರಾದರೂ ಅದನ್ನು ಕಿವಿಗೆ ಹಾಕಿಕೊಂಡರೆ ಕೇಳಿ. ಅಜ್ಜಿ ಶುರುಮಾಡಿದ ಕೂಡಲೇ ಸೊಸೆ ಧಾರಾವಾಹಿಯ ಸೌಂಡು ಏರಿಸುತ್ತಾಳೆ, ಹೂವಪ್ಪ ಜೀಪು ಸ್ಟಾರ್ಟ್ ಮಾಡುತ್ತಾನೆ. "ನಾನ್ ಬೈದ್ರೆ ಈ ಮನೇಲಿ ಮಲಗಿದ್ ನಾಯೂ ಏಳಲ್ಲ ದಾಕ್ಷಾಯಿಣಿ," ಎಂದು ಅಜ್ಜಿ ನನ್ನ ಹೋಟೆಲಿಗೆ ಬಂದಾಗೆಲ್ಲ ಹೇಳುತ್ತಿದ್ದಳು. ಹೇಳಿ, ಬನ್ಸು ಗಟ್ಟಿಯಾಗಿದೆ ಎಂದು ನನ್ನನ್ನೂ ಬೈದು ಹೋಗುತ್ತಿದ್ದಳು.

"ಅವ್ವ, ಶೂಟಿಂಗಲ್ಲಿ ಮಳೆ ಅದೆ. ಹೆದರ್ಬೇಡ, ನಿಜವಾದ್ ಮಳೆ ಅಲ್ಲ, ಕಂಪ್ಯೂಟರಲ್ಲಿ ಹಾಕ್ತಾರೆ," ಎಂದು ಹೂವಪ್ಪ ತಾಯಿಗೆ ಭರವಸೆ ಕೊಟ್ಟಿದ್ದ. ಯಾರು ಹೇಳಿದ್ದರೋ ಅವನಿಗೆ! ಅವರು ನೀರಿನ ಟ್ಯಾಂಕರನ್ನೇ ತಂದು, ಪೈಪು ಮೇಲಕ್ಕೆತ್ತಿ ಬಿಟ್ಟರು. ಹೀರೋ ಬ್ಯಾಗು ಹಿಡಿದು ಅಂಗಳದಲ್ಲಿ ನಿಂತು ಅಳತೊಡಗಿದ. ಗಾಳಿ ಬೀಸಿತು. ಆ ಬಾಡಿಗೆ ಮಳೆಯ ಅರ್ಧಕ್ಕರ್ಧ ನೆಟ್ಟಗೆ ಹೋಗಿ ಕಾಫಿಯ ಮೇಲೆ ಬಿತ್ತು. ತುಂಗಜ್ಜಿ ಕಾಫಿ ಕೆದಕುವ ಹಲಗೆಯನ್ನು ಹಿಡಿದುಕೊಂಡೇ ಕ್ಯಾಮೆರಾದ ಎದುರಿಗೆ ನುಗ್ಗಿದಳು.

"ನಿನ್ ಮನೆ ಹಾಳಾಗ! ಕಣದಲ್ಲಿ ಕಾಫಿ ಅದೆ ಕಾಣಲ್ವನಾ? ಸಂಕ್ರಾಂತಿ ತಿಂಗಳಲ್ಲಿ ಮಳೆ ಹೊಡ್ಸಕ್ಕೆ ನೀನೇನು ಇಂದ್ರನ ಮಗನಾ? ಅಳೋದಾದ್ರೆ ಒಳಗ್ ಹೋಗಿ ಅಳು! ಇಷ್ಟುದ್ದ ಗಂಡ್ಸು, ತಲೆ ಒರೆಸ್ಕಳಕ್ಕೂ ಬರಲ್ವ ನಿಂಗೆ?"

ಹೀರೋ ಅಳುವುದನ್ನೇ ಮರೆತು, "ಸಾರಿ ಅಜ್ಜಿ," ಎಂದ. ನಿರ್ದೇಶಕ ಕಟ್ ಎನ್ನಲಿಲ್ಲ. ಅಜ್ಜಿ ಹೀರೋನ ಕೈಗೆ ಹಲಗೆ ಕೊಟ್ಟು, ಅವನು ನಿಜವಾಗಿಯೂ ಕಾಫಿ ಕೆದಕತೊಡಗುವವರೆಗೆ ಕ್ಯಾಮೆರಾ ಓಡಿತು. ಆಮೇಲೆ ಇಡೀ ತಂಡ ಒದ್ದೆ ಕಾಫಿ ಬಾಚಿ ಬಿಸಿಲಿಗೆ ಹರಡಿತು. ಅಜ್ಜಿ ಒಬ್ಬೊಬ್ಬರನ್ನೂ ಬೈದು ಕೆಲಸ ಮಾಡಿಸಿದಳು. ನಿರ್ದೇಶಕ ಕೈಮುಗಿದು, ಇದನ್ನು ಹೀಗೇ ಸಿನಿಮಾದಲ್ಲಿ ಇಡುತ್ತೇನೆ ಎಂದ. ಇಡಲೇಬೇಕಿತ್ತು, ಇಡೀ ಸಿನಿಮಾದಲ್ಲಿ ಬುದ್ಧಿ ಇರುವ ಮಾತು ಅದೊಂದೇ.

ಆ ದಿನ ಅಜ್ಜಿಗೆ ಕಾಫಿಯದೇ ಚಿಂತೆ. ಕಾಫಿ ಒಣಗಿ ಮೂಟೆಗೆ ಸೇರಿದ ಮೇಲೆ ಸಿನಿಮಾದ ಹುಚ್ಚು ಏರಿತು. "ನಾನ್ ಬೈದಿದ್ದು ಟಾಕೀಸಲ್ಲಿ ಬತ್ತದಂತೆ," ಎಂದು ಬಸ್ಸಿಗೆ ಕಾಯುವವರಿಗೆಲ್ಲ ಹೇಳಿದಳು. ಯಾವಾಗ ಬರುತ್ತದೆ ಎಂದು ದಿನಾ ಮಗನನ್ನು ಕೇಳಿದಳು. ಪಾಪ, ತನ್ನ ಮಾತನ್ನು ಜನ ಕೂತು ಕೇಳುತ್ತಾರೆ ಎಂಬುದೇ ಆಕೆಗೆ ನಂಬಲಾಗದ ಸಂಗತಿ. ತಾನು ಬೈಯುವುದನ್ನು ಟಾಕೀಸಿನಲ್ಲಿ ಕೂತು ಒಮ್ಮೆ ನೋಡಬೇಕು, ಅಷ್ಟೇ ಆಕೆಗೆ ಬೇಕಿದ್ದದ್ದು.

ಆ ತಂಡದಲ್ಲಿ ಈಶಾನ ಎಂಬ ಅಸಿಸ್ಟೆಂಟ್ ಡೈರೆಕ್ಟರ್ ಇದ್ದ. ಚಡ್ಡಿ ಹಾಕಿಕೊಂಡು ಉಣ್ಣಿ ಕಚ್ಚಿಸಿಕೊಳ್ಳುತ್ತಿದ್ದ ಪೇಟೆ ಹುಡುಗ. ಹೋಗುವಾಗ ಅವನು ಹೂವಪ್ಪನಿಗೆ ಟೀ ಶರ್ಟು ಕೊಟ್ಟ. ಬೆನ್ನ ಮೇಲೆ ದೊಡ್ಡದಾಗಿ "ಪೈರಸಿ ಕಳ್ಳತನ" ಎಂದು ಬರೆದಿತ್ತು. "ಅಣ್ಣಾ, ಒಂದು ಸಿನಿಮಾ ಅಂದ್ರೆ ಲೈಟ್ ಹೊರೋರಿಂದ ಅಡುಗೆ ಮಾಡೋರ ತನಕ ಎಷ್ಟೊಂದು ಮನೆ. ಕದ್ದು ನೋಡಿದ್ರೆ ಇವ್ರೆಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗೆ. ಕಳ್ಳ ಲಿಂಕ್ ಕಂಡ್ರೆ ನಮ್ಮ ಗ್ರೂಪಿಗೆ ಹಾಕಿ, ನಾವು ತೆಗೆಸ್ತೀವಿ," ಎಂದ. ಮಾತು ಸುಳ್ಳಲ್ಲ. ಅವರ ಅಡುಗೆಯವನು ನನ್ನ ಹೋಟೆಲಿನ ಹಿಂದೆಯೇ ಒಲೆ ಹೂಡಿದ್ದ, ಒಳ್ಳೆಯ ಮನುಷ್ಯ. ಆದರೆ ಈ ಮಾತನ್ನು ಹೂವಪ್ಪನಿಗೆ ಹೇಳಬಾರದಿತ್ತು.

ಸಿನಿಮಾ ಬಿಡುಗಡೆಯಾದದ್ದು ಆಷಾಢದ ಜಡಿಮಳೆಯಲ್ಲಿ. ಶುಕ್ರವಾರ ಶಿವಮೊಗ್ಗದ ಟಾಕೀಸಿಗೆ ಬಂತು. ಗುಡ್ಡ ಜರಿದು ರಸ್ತೆ ಮುಚ್ಚಿದ್ದರಿಂದ ಹೂವಪ್ಪನ ಮನೆಯವರು ಶಿವಮೊಗ್ಗಕ್ಕೆ ಹೊರಟದ್ದು ಅದರ ಮುಂದಿನ ವಾರದ ಭಾನುವಾರ. ಅಜ್ಜಿ ಮಗನ ಮದುವೆಯಲ್ಲಿ ಉಟ್ಟ ರೇಷ್ಮೆ ಸೀರೆ ಉಟ್ಟಿದ್ದಳು. ಟಾಕೀಸಿನ ಮುಂದೆ ಹೋಗಿ ನೋಡಿದರೆ ಅಲ್ಲಿ ಯಾವುದೋ ಪರಭಾಷೆಯ ದೊಡ್ಡ ಸಿನಿಮಾದ ಪೋಸ್ಟರು, ಕತ್ತಿ ಹಿಡಿದ ಗಡ್ಡದವನು. ನಮ್ಮದನ್ನು ಹಿಂದಿನ ದಿನವೇ ಎತ್ತಿಹಾಕಿದ್ದರು. ಹೂವಪ್ಪ ತಾಯಿಗೆ ಮಸಾಲೆ ದೋಸೆ ತಿನ್ನಿಸಿ ವಾಪಸ್ ಕರೆತಂದ. "ದೋಸೆ ತಿನ್ನಕ್ಕೆ ಇಷ್ಟ್ ದೂರ ರೇಷ್ಮೆ ಸೀರೆ ಉಡ್ಸಿ ಕರ್ಕೊಂಡ್ ಬಂದ್ಯನಾ?" ಎಂದು ಅಜ್ಜಿ ದಾರಿಯುದ್ದಕ್ಕೂ ಬೈದಳಂತೆ. ಅವನು ಕೇಳಿಸಿಕೊಂಡಿರಲಿಕ್ಕಿಲ್ಲ.

ಟಾಕೀಸಿನಲ್ಲಿ ಇಲ್ಲದಿದ್ದರೇನು, ಆ ವಾರವೇ ಸಿನಿಮಾ ನಮ್ಮೆಲ್ಲರ ಫೋನಿಗೆ ಬಂದಿತ್ತು. ಯಾವನೋ ಟಾಕೀಸಿನಲ್ಲಿ ಕೂತು ಕದ್ದು ಹಿಡಿದ ಪ್ರಿಂಟು. ಜೀಪ್ ಸ್ಟ್ಯಾಂಡಿನವರೆಲ್ಲ ಇಳಿಸಿಕೊಂಡಿದ್ದರು, ನಾನೂ ಇಳಿಸಿಕೊಂಡಿದ್ದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಜ್ಜಿಯನ್ನು ಕರೆದು ಕೂರಿಸಿ, ಫೋನನ್ನು ಬನ್ಸಿನ ಡಬ್ಬಕ್ಕೆ ಒರಗಿಸಿಟ್ಟೆ. ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಹೆಸರುಗಳು ಇನ್ನೂ ಬರುತ್ತಿದ್ದವು, ಅಷ್ಟರಲ್ಲಿ ಕಪ್ಪು ಟೀ ಶರ್ಟು ಒಳಗೆ ಬಂತು.

"ಎಂತದದು ದಾಕ್ಷಾಯಿಣಿ? ಕದ್ದ ಮಾಲಾ?"

"ನಿಮ್ಮವ್ವ ಇರೋ ಸಿನಿಮಾ ಮಾರಾಯ. ಟಾಕೀಸಲ್ಲಂತೂ ತೋರ್ಸಕ್ಕಾಗ್ಲಿಲ್ಲ, ನಾನಾದ್ರೂ ತೋರಿಸ್ತೀನಿ."

"ನಿನ್ ಬನ್ಸ್ ಯಾರಾದ್ರೂ ಕದ್ಕೊಂಡ್ ಹೋದ್ರೆ ನೀನ್ ಸುಮ್ನಿರ್ತೀಯಾ?"

"ಬನ್ಸ್ ಕದ್ರೆ ನನ್ ಡಬ್ಬದಲ್ಲಿ ಬನ್ಸ್ ಇರಲ್ಲ. ಇದನ್ನ ನಾನ್ ನೋಡಿದ್ರೆ ಅವರ ಸಿನಿಮಾ ಅವರ ಹತ್ರಾನೇ ಇರುತ್ತೆ. ಎಂತ ಕಡಿಮೆ ಆಯ್ತು?"

"ಹಂಗಾದ್ರೆ ನಾಳೆಯಿಂದ ಊರಲ್ಲಿ ಎಲ್ರ ಮನೆಗೂ ನಿನ್ ಬನ್ಸು ಪುಕ್ಕಟೆ ಬಂದು ಬೀಳ್ಲಿ. ಆಮೇಲೆ ಈ ಹೋಟ್ಲಿಗೆ ಯಾರು ಬತ್ತಾರೆ, ನೊಣ ಬತ್ತದಾ?"

ಮಾತು ಸರಿಯೇ, ಅದೇ ನನ್ನ ಸಿಟ್ಟು. "ಬನ್ಸು ತಿನ್ಬೇಕಂತ ಬಂದೋರಿಗೆ ಅಂಗಡಿ ಬಾಗ್ಲು ಹಾಕಿ, ಕಳ್ಳರು ಅಂತ ಬೈತೀರಲ್ಲ, ಅದು ನ್ಯಾಯನಾ?" ಎಂದು ಏನೋ ಕೂಗಿದೆ. ಅವನು ಕೇಳಬೇಕಲ್ಲ! ಫೋನು ಕಿತ್ತುಕೊಂಡು ತಾನೇ ಡಿಲೀಟ್ ಮಾಡಿದ. "ಅವ್ವ, ನೀನು ಕಳ್ಳಮಾಲಲ್ಲಿ ಕಾಣ್ಬಾರ್ದು. ಓಟಿಟಿ ಅಂತ ಅದೆ, ಹಬ್ಬ ಕಳೆದ ಮೇಲೆ ಅದ್ರಲ್ಲಿ ಬತ್ತದೆ, ದೊಡ್ಡ ಟಿವೀಲಿ ಮರ್ಯಾದೆಯಿಂದ ನೋಡುವ," ಎಂದ. ಅಜ್ಜಿ ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಸೀದಾ ಸ್ಟ್ಯಾಂಡಿಗೆ ಹೋದ. ಅವನ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಧರ್ಮಸ್ಥಳದ ಮಂಜುನಾಥ ಸ್ವಾಮಿಯ ಫೋಟೋ ಇದೆ. ಒಬ್ಬೊಬ್ಬನನ್ನೇ ಕರೆದು, ಸಿನಿಮಾ ಅಳಿಸಿಹಾಕಿಸಿ, ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿ, ಆ ಫೋಟೋ ಮುಟ್ಟಿಸಿ ಆಣೆ ಹಾಕಿಸಿದ: ಇನ್ನು ಕದ್ದ ಸಿನಿಮಾ ಇಟ್ಟುಕೊಳ್ಳುವುದಿಲ್ಲ, ನೋಡುವುದಿಲ್ಲ. ಕಡೆಗೆ ತಾನೂ ಕೈಯಿಟ್ಟು ಆಣೆ ಹಾಕಿದ. ನನ್ನನ್ನೂ ಕರೆದ. "ಡಿಲೀಟ್ ಮಾಡಿದ್ಯಲ್ಲ, ಸಾಕು. ಆಣೆ ಗೀಣೆ ಅಂತ ನನ್ ತಂಟೆಗೆ ಬರ್ಬೇಡ, ಸಾಂಬಾರ್ ಸೌಟು ಕೈಯಲ್ಲಿದೆ," ಎಂದೆ. ಬರಲಿಲ್ಲ.

ಬೇರೆ ಕಡೆಯಾಗಿದ್ದರೆ ಅರ್ಧ ಜನ ಹಿಂದಿನಿಂದ ಒಂದು ಕಾಪಿ ಉಳಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಕೋರ್ಟಿನಲ್ಲಿ ಸುಳ್ಳು ಹೇಳುವವರು ಬೇಕಾದಷ್ಟಿದ್ದಾರೆ, ಮಂಜುನಾಥನ ಹೆಸರಿನಲ್ಲಿ ಹೇಳುವ ಧೈರ್ಯ ಯಾರಿಗೂ ಇಲ್ಲ. ಊರೆಲ್ಲ ಹುಡುಕಿದರೂ ಒಂದು ಪ್ರಿಂಟು ಉಳಿಯಲಿಲ್ಲ. ಅಷ್ಟಕ್ಕೇ ಸಮಾಧಾನವಾಗದೆ, ಅವನು ದಿನಾ ಕೂತು ಕಳ್ಳ ಲಿಂಕು ಹುಡುಕಿ ಹುಡುಕಿ ಈಶಾನನ ಗ್ರೂಪಿಗೆ ಹಾಕಿದ. ಅವರು ಒಂದೊಂದನ್ನೇ ತೆಗೆಸಿ, ಇವನಿಗೆ ಕೈಮುಗಿದ ಚಿತ್ರ ಕಳಿಸಿದರು. ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದ.

ಗಣಪತಿ ಹಬ್ಬ ಕಳೆದು ಸಿನಿಮಾ ಓಟಿಟಿಗೆ ಬಂತು. ಹೂವಪ್ಪ ಚಂದಾ ಕಟ್ಟಿದ. ನನ್ನ ಹೋಟೆಲಿನ ಟಿವಿ ಊರಲ್ಲೇ ದೊಡ್ಡದು. ಭಾನುವಾರ ಮಧ್ಯಾಹ್ನ ಅಲ್ಲೇ ಪ್ರದರ್ಶನ. ಬೆಂಚು ಸಾಲದೆ ಅಡಿಕೆ ಮೂಟೆ ತಂದು ಹಾಕಿದರು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಅಜ್ಜಿ. ನಾನು ಗೋಳಿಬಜೆ ಕರಿದು ಹಂಚಿದೆ. ಹೀರೋ ಅಮೆರಿಕದಿಂದ ಬಂದ. ಹೂವಪ್ಪನ ಜೀಪು ಬಂತು, ಎಲ್ಲರೂ ಶಿಳ್ಳೆ ಹೊಡೆದರು. ಮಳೆ ಬಂತು. ಹೀರೋ ಅಂಗಳದಲ್ಲಿ ಅಳತೊಡಗಿದ. "ಈಗ, ಈಗ," ಎಂದು ಹೂವಪ್ಪ ಎದ್ದು ನಿಂತ.

ಹೀರೋ ಅಳುತ್ತಲೇ ಹೋದ. ಪಿಟೀಲು ಬಾರಿಸಿದರು. ಇನ್ನಷ್ಟು ಅತ್ತ. ಆಮೇಲೆ ಹಾಡು ಶುರುವಾಯಿತು.

ಅಜ್ಜಿ ಇರಲೇ ಇಲ್ಲ. ಸಿನಿಮಾ ಮುಗಿದು, ಹೆಸರುಗಳು ಮುಗಿದು, ಮುಂದಿನ ಸಿನಿಮಾ ನೋಡಿ ಎಂದು ಟಿವಿಯೇ ಕೇಳುವವರೆಗೂ ಎಲ್ಲರೂ ಕಾದು ಕೂತಿದ್ದರು. "ಮುಂದೆ ಎಲ್ಲಾದ್ರೂ ಬತ್ತದೇನೋ ಅಂದ್ಕಂಡೆ," ಎಂದು ಅಜ್ಜಿ ನೆಲ ನೋಡಿಕೊಂಡು ಹೇಳಿದಳು.

ಹೂವಪ್ಪ ಅಲ್ಲಿಂದಲೇ ಈಶಾನನಿಗೆ ಫೋನ್ ಮಾಡಿದ, ಸ್ಪೀಕರ್ ಹಾಕಿ. ಹುಡುಗ ಆ ಕಂಪನಿ ಬಿಟ್ಟು ಈಗ ಮದುವೆಗಳ ರೀಲ್ಸ್ ಮಾಡುತ್ತಿದ್ದನಂತೆ. "ಅಣ್ಣಾ, ಥಿಯೇಟರಲ್ಲಿ ಹೀರೋ ಅಳೋವಾಗ ಜನ ನಕ್ಕುಬಿಟ್ರು. ಎಮೋಷನ್ ಹಾಳಾಗತ್ತೆ ಅಂತ ಹೀರೋ ಹಟ ಹಿಡಿದ್ರು. ಓಟಿಟಿಗೆ ಕೊಡೋವಾಗ ಆ ಸೀನ್ ತೆಗೆದ್ರು," ಎಂದ. ಆ ತುಂಡಾದರೂ ಕೊಡಿ ಎಂದ ಹೂವಪ್ಪ. ಹಾರ್ಡ್ ಡಿಸ್ಕಿನಲ್ಲಿ ಈಗ ಬೇರೆ ಸಿನಿಮಾ ತುಂಬಿದ್ದಾರೆ ಎಂದ ಹುಡುಗ. ಆಮೇಲೆ ದನಿ ತಗ್ಗಿಸಿ, "ಯಾರಾದ್ರೂ ಥಿಯೇಟರಲ್ಲಿ ಕದ್ದು ಹಿಡಿದಿದ್ರೆ ಅದ್ರಲ್ಲಿ ಮಾತ್ರ ಇರತ್ತೆ ಅಣ್ಣಾ. ಆದ್ರೆ ಆ ಲಿಂಕೆಲ್ಲ ನೀವೇ..." ಎಂದು ನಿಲ್ಲಿಸಿದ.

ಹೋಟೆಲಿನಲ್ಲಿ ಇದ್ದವರೆಲ್ಲ ಹೂವಪ್ಪನ ಬೆನ್ನನ್ನೇ ನೋಡಿದೆವು. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದದ್ದು ಇತ್ತಲ್ಲ.

ಆ ದಿನದಿಂದ ತುಂಗಜ್ಜಿ ಬೈಯುವುದನ್ನು ಬಿಟ್ಟಳು. ಮೊದಲ ವಾರ ಸೊಸೆ ಖುಷಿಪಟ್ಟಳು. ಆಮೇಲೆ ಅವಳೇ ಬಂದು, "ಅಕ್ಕಾ, ಟಿವಿ ಸೌಂಡು ಕಡಿಮೆ ಮಾಡಿದ್ರೂ ಮನೇಲಿ ಏನೂ ಕೇಳಲ್ಲ," ಎಂದು ಕಣ್ಣೊರೆಸಿಕೊಂಡಳು. ಹೂವಪ್ಪ ಬೇಕೆಂದೇ ಕೆಸರು ಕಾಲಲ್ಲಿ ಅಡುಗೆಮನೆಗೆ ಹೋದ, ಹಾಲಿನ ಪಾತ್ರೆ ಬೀಳಿಸಿದ. ಅಜ್ಜಿ ಬಟ್ಟೆ ತಂದು ಒರೆಸಿ ಹೋದಳಂತೆ. ನನ್ನ ಹೋಟೆಲಿಗೆ ಬಂದು, ಅವನು ಚಹಾ ಆರುವವರೆಗೆ ಲೋಟ ಹಿಡಿದು ಕೂತ. "ಒಂದ್ ಸಲ ಬೈದಿದ್ರೆ ಸಾಕಿತ್ತು ಮಾರಾಯ್ತಿ," ಎಂದ. ಚೆನ್ನಾಗಿ ಆಯಿತು ಎನ್ನಬೇಕೆಂದು ಬಾಯಿ ತೆರೆದವಳು ಚಹಾ ಬಿಸಿಮಾಡಿ ಕೊಟ್ಟೆ.

ಹಾಗಿರುವಾಗ ನಾನು ಯಾವುದೋ ಕೆಲಸಕ್ಕೆ ಕೊಪ್ಪಕ್ಕೆ ಹೋಗಿ, ಅಲ್ಲಿಂದ ಹರಿಹರಪುರಕ್ಕೆ ಶೃಂಗೇರಿ ಬಸ್ಸು ಹತ್ತಿದೆ. ಡ್ರೈವರನ ತಲೆಯ ಮೇಲಿನ ಟಿವಿಯಲ್ಲಿ ಸೊಟ್ಟಗೆ, ಮಸುಕಾಗಿ ಒಂದು ಸಿನಿಮಾ ಓಡುತ್ತಿತ್ತು. ಹೀರೋ ಏರ್‌ಪೋರ್ಟಿನಲ್ಲಿ ಇಳಿಯುತ್ತಿದ್ದ. ಅದೇ ಸಿನಿಮಾ! ಕಂಡಕ್ಟರ್ ಲಕ್ಷ್ಮೀಶ ಕೊಪ್ಪದವನು, ಹೂವಪ್ಪನ ಆಣೆಯ ಬಲೆಗೆ ಬಿದ್ದವನಲ್ಲ. ಟಾಕೀಸಿನ ಕಳ್ಳಪ್ರಿಂಟನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡಿದ್ದ. ನಾನು ಇಳಿಯುವ ಊರು ಬಂದಾಗ ಹೀರೋ ಇನ್ನೂ ಘಾಟಿ ಹತ್ತುತ್ತಿದ್ದ.

ಹೂವಪ್ಪನಿಗೆ ಹೇಳಿದರೆ ಮುಖ ಅರಳಿ, ಮತ್ತೆ ಬಾಡಿತು. "ನಾನ್ ಆಣೆ ಹಾಕಿದ್ದೀನಲ್ಲ ದಾಕ್ಷಾಯಿಣಿ."

"ಹಾಕಿದ್ದು ನೀನು. ನಿಮ್ಮವ್ವ ಅಲ್ಲ, ನಾನೂ ಅಲ್ಲ. ನಾವಿಬ್ರೂ ಹೋಗಿ ನೋಡ್ಕೊಂಡ್ ಬತ್ತೀವಿ."

"ಅವ್ವಂಗೆ ಬಸ್ಸಲ್ಲಿ ವಾಂತಿ ಆಗ್ತದೆ. ನಾನೂ ಬತ್ತೀನಿ," ಎಂದ.

ಜೀಪನ್ನು ಕೊಪ್ಪದಲ್ಲಿ ನಿಲ್ಲಿಸಿ ಬಸ್ಸು ಹತ್ತಿದೆವು. ಅಜ್ಜಿಗೆ ವಿಷಯ ಹೇಳಿರಲಿಲ್ಲ. ಮತ್ತೊಮ್ಮೆ ಮೋಸವಾದರೆ ಎಂಬ ಭಯ. ಶೃಂಗೇರಿಗೆ ಅಂದಿದ್ದೆವು. ಅವಳ ಕೈಯಲ್ಲಿ ಲಿಂಬೆಹಣ್ಣು, ಹೂವಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಕವರು. ಮೈಮೇಲೆ ಅದೇ ಕಪ್ಪು ಟೀ ಶರ್ಟು! ಮಳೆಗೆ ಒಣಗಿದ್ದು ಅದೊಂದೇ ಇತ್ತಂತೆ. ಲಕ್ಷ್ಮೀಶ ಅದನ್ನು ಕಂಡದ್ದೇ ಟಿವಿ ಆರಿಸಿ, ಪೆನ್‌ಡ್ರೈವು ಕಿತ್ತು ಜೇಬಿಗೆ ಹಾಕಿಕೊಂಡು, ದೇವರ ಭಜನೆ ಹಚ್ಚಿದ.

"ಲಕ್ಷ್ಮೀಶಣ್ಣ, ಆ ಸಿನಿಮಾ ಹಾಕು ಮಾರಾಯ," ಎಂದ ಹೂವಪ್ಪ.

"ಯಾವ ಸಿನಿಮಾ? ನಾವು ಭಕ್ತಿಗೀತೆ ಬಿಟ್ಟು ಬೇರೆ ಹಾಕಲ್ಲ."

"ನಿನ್ ಕಾಲಿಗ್ ಬೀಳ್ತೀನಿ, ಹಾಕು."

"ಹಾಕಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಕ್ಕಾ? ನಿಮ್ ಕಥೆ ಶೃಂಗೇರಿ ತನಕ ಗೊತ್ತು ಹೂವಪ್ಪಣ್ಣ."

ಕಳ್ಳಪ್ರಿಂಟು ಹಿಡಿಯುವವನು ಕಳ್ಳಪ್ರಿಂಟಿಗಾಗಿ ಅಂಗಲಾಚುವುದನ್ನು ನೋಡಿ ನನಗೆ ಬೇರೆ ದಿನವಾಗಿದ್ದರೆ ಹಬ್ಬವಾಗುತ್ತಿತ್ತು. "ಹಾಕು ಮಾರಾಯ," ಎಂದೆ. "ಈ ಅಜ್ಜಿ ಅದ್ರಲ್ಲಿ ಪಾರ್ಟ್ ಮಾಡಿದಾಳೆ. ಮಳೇಲಿ ಅವನು ಅಳ್ತಾನಲ್ಲ, ಅಲ್ಲಿಗೆ ಓಡ್ಸು." ಲಕ್ಷ್ಮೀಶ ಅಜ್ಜಿಯ ಮುಖವನ್ನೇ ದಿಟ್ಟಿಸಿದ. "ಅಯ್ಯೋ, ಆ ಅಜ್ಜಿನಾ ಇವ್ರು!" ಎಂದವನು ಪೆನ್‌ಡ್ರೈವು ಸಿಕ್ಕಿಸಿ, ಸೌಂಡು ಪೂರ್ತಿ ಏರಿಸಿದ.

ಹೂವಪ್ಪ ಟವಲನ್ನು ಮುಖದ ತುಂಬ ಹೊದ್ದು, ಕೈಕಟ್ಟಿ ಕೂತ. ಆಣೆ ಅಂದರೆ ಆಣೆ.

ಮಳೆ ಬಂತು, ಹೀರೋ ಅತ್ತ. ಮೂಲೆಯಿಂದ ಕಾಫಿ ಹಲಗೆಯ ತುದಿ ಬಂತು, ಸೀರೆಯ ಸೆರಗು ಬಂತು. ಅದೇ ಹೊತ್ತಿಗೆ, ಪ್ರಿಂಟು ಕದ್ದು ಹಿಡಿದ ಆ ಟಾಕೀಸಿನಲ್ಲಿ ಕೂತಿದ್ದ ಯಾವನೋ ದರಿದ್ರದವನಿಗೆ ಒಂದಕ್ಕೆ ಅವಸರವಾಯಿತು! ಎದ್ದು ನಿಂತ. ಅವನ ಕಪ್ಪು ತಲೆ ಪರದೆಯ ನಡುವೆ ಬಂದು ಅಜ್ಜಿಯನ್ನು ಪೂರಾ ಮುಚ್ಚಿಬಿಟ್ಟಿತು. ನಾನು ಹಲ್ಲು ಕಡಿದೆ.

ಆದರೆ ದನಿ ಬಂತು. ನಿನ್ ಮನೆ ಹಾಳಾಗ ಎಂಬಲ್ಲಿಂದ ಒಂದಕ್ಷರ ಬಿಡದೆ ಬಂತು. "ಅಳೋದಾದ್ರೆ ಒಳಗ್ ಹೋಗಿ ಅಳು" ಎಂದದ್ದೇ ತಡ, ಆ ಟಾಕೀಸಿನಲ್ಲಿ ಕೂತ ಜನ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಗಂಡಸರು, ಹೆಂಗಸರು, ಎಲ್ಲೋ ಒಂದು ಮಗುವೂ. ಶಿಳ್ಳೆ ಬಿತ್ತು. ಯಾರೋ, "ಹಾಕಜ್ಜಿ, ಇನ್ನೂ ನಾಕು ಹಾಕು!" ಎಂದು ಕೂಗಿದರು. ಆಮೇಲೆ ಚಪ್ಪಾಳೆ, ನಿಲ್ಲದ ಚಪ್ಪಾಳೆ. ಬಸ್ಸಿನಲ್ಲಿದ್ದ ಯಾತ್ರೆಯವರೂ ನಗತೊಡಗಿದರು.

ಅಜ್ಜಿ ಲಿಂಬೆಹಣ್ಣನ್ನು ಮೂಗಿನ ಹತ್ತಿರವೇ ಹಿಡಿದುಕೊಂಡು ಕೂತಿದ್ದಳು. "ಯಾರವ್ರು, ಹಂಗೆ ನಗೋರು?"

"ಯಾವ ಊರಿನೋರೋ ಅಜ್ಜಿ. ಟಾಕೀಸಿಗೆ ಬಂದೋರು. ಫೋನಲ್ಲಿ ಹಿಡಿದಾಗ ಅವ್ರ ದನೀನೂ ಸೇರ್ಕೊಂಡಿದೆ."

"ನಾನ್ ಬೈದಿದ್ದಕ್ಕಾ?"

"ನೀವ್ ಬೈದಿದ್ದಕ್ಕೇ."

ಅಜ್ಜಿ ಲಿಂಬೆಹಣ್ಣನ್ನು ಮಡಿಲಿಗಿಟ್ಟಳು. "ಆಯಸ್ಸೆಲ್ಲ ಬೈದೆ ಕಣೆ," ಎಂದಳು. "ಇಷ್ಟ್ ಜನ ಕೇಳ್ಸ್ಕಂಡಿದ್ರು ಅಂತ ಈಗ ಗೊತ್ತಾಯ್ತು." ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಟವಲ್ಲು ಗದಗದ ಅಲುಗಾಡುತ್ತಿತ್ತು. ಅಜ್ಜಿ ತಿರುಗಿ ನೋಡಿ, ಆ ಟವಲನ್ನು ಎಳೆದು ಹಾಕಿದಳು.

"ತೆಗಿಯಾ ಇದನ್ನ, ಮುಠ್ಠಾಳ! ಕದ್ದೋನು ಯಾವನೋ, ಬೈದೋಳು ನಾನು. ಹೆತ್ತ ತಾಯಿನ ನೋಡಕ್ಕೆ ನಿಂಗೆ ಆಣೆ ಅಡ್ಡ ಬತ್ತದಾ? ಮೂಗ್ ಒರೆಸ್ಕ ಮೊದ್ಲು!"

ಹೂವಪ್ಪ ಬಾಯಿ ತೆರೆದುಕೊಂಡು ತಾಯಿಯನ್ನೇ ನೋಡಿದ. ಆಮೇಲೆ, "ಲಕ್ಷ್ಮೀಶಣ್ಣ, ಇನ್ನೊಂದ್ ಸಲ ಹಾಕು. ಧರ್ಮಸ್ಥಳಕ್ಕೆ ಹೋಗಿ ತಪ್ಪು ಕಾಣಿಕೆ ಹಾಕ್ತೀನಿ," ಎಂದ. ಆಣೆ ಮುರಿದವರು ಅಲ್ಲಿಗೆ ಹೋಗಿ ತಪ್ಪೊಪ್ಪಿಕೊಂಡು ಕಾಣಿಕೆ ಹಾಕಿ ಬರುತ್ತಾರೆ. ಕಣ್ಣು ಬಿಟ್ಟುಕೊಂಡೇ ನೋಡಿದ. ಎರಡನೇ ಸಲವೂ ಆ ದರಿದ್ರದವನು ಎದ್ದು ನಿಂತ, ಎರಡನೇ ಸಲವೂ ಜನ ನಕ್ಕರು.

ಶೃಂಗೇರಿ ಬಂತು. ದೇವಸ್ಥಾನಕ್ಕೆ ಹೋಗಿ ಬರೋಣ ಎಂದೆ. "ಅಮ್ಮನೋರು ಅಲ್ಲೇ ಇರ್ತಾರೆ. ಸಿನಿಮಾ ತೆಗ್ದ್‌ಬಿಡ್ತಾರೆ," ಎಂದು ಅಜ್ಜಿ ಸೀಟು ಬಿಟ್ಟು ಏಳಲಿಲ್ಲ. ಶೃಂಗೇರಿಯವರೆಗೆ ಹೋಗಿ ಬಸ್ಸಿನಿಂದ ಇಳಿಯದೇ ವಾಪಸಾದ ಭಕ್ತರು ನಾವೇ ಇರಬೇಕು. ದಾರಿಯಲ್ಲಿ ಮತ್ತೆ ಹಾಕಿಸಿಕೊಂಡಳು. ವಾಂತಿಯನ್ನೇ ಮರೆತಿದ್ದಳು.

ಕೊಪ್ಪದಲ್ಲಿ ಜೀಪು ಹತ್ತಿದ್ದೇ ಶುರುವಾಯಿತು ನೋಡಿ. ಸೀಟು ಒದ್ದೆ ಯಾಕಾಗಿದೆ, ಆ ಟೀ ಶರ್ಟು ಒಲೆಗೆ ಹಾಕಬಾರದಾ, ದಾಕ್ಷಾಯಿಣಿ ಅವತ್ತೇ ತೋರಿಸುತ್ತಿದ್ದಳು, ಊರವರ ಫೋನೆಲ್ಲ ತೊಳೆದು ಕೂತೆಯಲ್ಲ, ನಿನ್ನ ಬುದ್ಧಿಗೆ ಬೆಂಕಿ ಹಾಕ. ಜಯಪುರ ದಾಟಿದರೂ ಬಾಯಿ ನಿಲ್ಲಲಿಲ್ಲ. ಹೂವಪ್ಪ ಎಂದಿನಂತೆ ಆ್ಯಕ್ಸಿಲರೇಟರ್ ಒತ್ತಲಿಲ್ಲ. ಜೀಪನ್ನು ನಿಧಾನ ಮಾಡಿ, ಒಂದೊಂದು ಮಾತಿಗೂ ತಲೆಯಾಡಿಸಿ ಕೇಳಿದ. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

ಆಗ ಅವನು ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಜೋರಾಗಿ ಚಪ್ಪಾಳೆ ಹೊಡೆದ.

"ಸ್ಟೇರಿಂಗ್ ಹಿಡ್ಕಳಾ ಹಾಳಾದವ್ನೆ, ಹಳ್ಳಕ್ಕೆ ಹಾಕ್ತೀಯ!" ಎಂದು ಅಜ್ಜಿ ಅವನ ತಲೆಗೊಂದು ಮೊಟಕಿ, ಮತ್ತೆ ಮೊದಲಿಂದ ಶುರುಮಾಡಿದಳು.